ಉಪ್ಪಿನ ಬಯಕೆ

ಬಬಲೇಶ್ವರ
೯ ಜನವರಿ ೧೯೪೯

ಬೀಗತಿ ನೀಲಾಬಾಯಿಯವರಿಗೆ ಗುರುಸಿದ್ದವ್ವನ ಶರಣು.

ಪತ್ರ ಬರೆಯುವಾಗ ಮೊದಲು ಎಲ್ಲರೂ ಕ್ಷೇಮ ಎಂದು ಹಾಕಬೇಕು. ಆದರೆ ಇವತ್ತು ಮಧ್ಯಾಹ್ನ ಪುಂಡಿಪಲ್ಯೆ ಉಂಡ ಮೇಲೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ಅಡುಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ ಎಂದು ತಿಳಿಯಿರಿ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಗಳು ಲಕ್ಕವ್ವ ನಮ್ಮ ಸೊಸೆಯಾಗಿ ಬಂದು ಎಂಟು ತಿಂಗಳಾಯಿತು. ಗುಣದಲ್ಲಿ ಬೆರಳು ತೋರಿಸುವಂಥದ್ದು ಏನೂ ಇಲ್ಲ. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಪಕ್ಕದ ಮನೆಯ ಕಾಳವ್ವ ಹೊಗಳುತ್ತಾಳೆ. ಆದರೆ ಆ ಉಪ್ಪು! ಬೇಳೆಗೆ ಉಪ್ಪು, ಪಲ್ಯಕ್ಕೆ ಉಪ್ಪು, ಮಜ್ಜಿಗೆಗೂ ಮುಷ್ಟಿ ಉಪ್ಪು. ನನ್ನ ಮಗ ಬಸಲಿಂಗಯ್ಯನನ್ನು ಕೇಳಿದರೆ "ಛಲೋ ಆಗೇತ್ಬೇ" ಎಂದು ಎರಡು ತಂಬಿಗೆ ನೀರು ಕುಡಿದು ಹೊಲಕ್ಕೆ ಓಡುತ್ತಾನೆ. ಹೆಂಡತಿಯ ಮುಂದೆ ಅವನ ನಾಲಿಗೆ ಸತ್ತಿದೆ. ತಿಕೋಟೆಯ ಸಂತೆಯಿಂದ ತಂದ ಎರಡು ಸೇರು ಉಪ್ಪು ಹದಿನೈದು ದಿನಕ್ಕೆ ಮುಗಿಯಿತು, ಉಣ್ಣುವವರು ನಾವು ಮೂರೇ ಮಂದಿ.

ಗಿರಾಕಿಗಳಿಗೆ ಉಪ್ಪು ತಿನ್ನಿಸಿ, ನೀರು ಕುಡಿಸಿ, ಹೊಟ್ಟೆ ತುಂಬಿಸಿ ಕಳಿಸುವುದು ನಿಮ್ಮ ಖಾನಾವಳಿಯ ಪದ್ಧತಿಯೇನು? ಚೇಷ್ಟೆಗೆ ಕೇಳಿದೆ. ಮಗಳಿಗೆ ಒಂದು ಮಾತು ಬರೆಯಿರಿ. ನಾನು ಹೇಳಿದರೆ ಅತ್ತೆ ಹಳಿದಳು ಎಂದಾಗುತ್ತದೆ.

ಗುರುಸಿದ್ದವ್ವ


ವಿಜಾಪುರ, ಇಬ್ರಾಹಿಂಪುರ
೧೪ ಜನವರಿ ೧೯೪೯

ಗುರುಸಿದ್ದವ್ವನವರಿಗೆ ನೀಲಾಬಾಯಿ ಮಾಡುವ ಶರಣು.

ಇವತ್ತು ಸಂಕ್ರಮಣ. ಕುಸುರೆಳ್ಳು ಹಂಚಿ ಸಿಹಿ ಮಾತಾಡುವ ದಿನವಾದ್ದರಿಂದ ಸಿಟ್ಟನ್ನು ಅರ್ಧಕ್ಕೆ ಇಳಿಸಿಕೊಂಡು ಬರೆಯುತ್ತಿದ್ದೇನೆ.

ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಈ ಖಾನಾವಳಿ ನಡೆಸಿದ್ದೇನೆ. ರೈಲಿನ ಗಾರ್ಡುಗಳು ಉಂಡಿದ್ದಾರೆ, ಕೋರ್ಟಿನ ಕಾರಕೂನರು ಉಂಡಿದ್ದಾರೆ. ಡಾಕ್ಟರ ಸೈಫುದ್ದೀನರು ದಿನಾ ಮಧ್ಯಾಹ್ನ ನನ್ನ ಎರಡು ರೊಟ್ಟಿ ತಿಂದೇ ತಮ್ಮ ದವಾಖಾನೆಗೆ ಹೋಗುತ್ತಾರೆ. ಇಷ್ಟು ಜನರ ಸಾರಿಗೆ ಉಪ್ಪು ನೋಡುತ್ತಿದ್ದವಳು ಯಾರು ಗೊತ್ತೇ? ಲಕ್ಕವ್ವ. ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿ ಅವಳು "ಹೂಂ" ಅಂದ ಮೇಲೆಯೇ ನಾನು ಪಾತ್ರೆ ಇಳಿಸುತ್ತಿದ್ದೆ. ಅಂಥವಳ ಕೈಗೆ ನೀವು ಹೆಸರಿಡುತ್ತೀರಿ.

ನಿಮ್ಮೂರ ನೀರಿನ ದೋಷವೋ, ನಿಮ್ಮ ನಾಲಿಗೆಯ ದೋಷವೋ, ನೀವೇ ನೋಡಿಕೊಳ್ಳಿ. ಕುಸುರೆಳ್ಳು ಕಳಿಸಿದ್ದೇನೆ. ಅದರಲ್ಲಿ ಉಪ್ಪಿಲ್ಲ.

ನೀಲಾಬಾಯಿ


ಬಬಲೇಶ್ವರ
೩ ಫೆಬ್ರುವರಿ ೧೯೪೯

ಬೀಗತಿ ನೀಲಾಬಾಯಿಯವರಿಗೆ,

ಮೊದಲು ಬಾಯಿಗೆ ಒಂದಿಷ್ಟು ಸಕ್ಕರೆ ಹಾಕಿಕೊಳ್ಳಿ, ಆಮೇಲೆ ಈ ಪತ್ರ ಓದಿ. ಸಕ್ಕರೆಯ ರೇಷನ್ ತೀರಿದ್ದರೆ ಬೆಲ್ಲವಾದರೂ ಆದೀತು.

ಹಿಂದಿನ ಪತ್ರದಲ್ಲಿ ನಾನು ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿಬಿಡಿ. ತಪ್ಪು ಲಕ್ಕವ್ವನ ಕೈಯದಲ್ಲ. ಅದು ಬಯಕೆ! ಎರಡು ತಿಂಗಳಿಂದ ಮುಟ್ಟಾಗಿಲ್ಲವಂತೆ. ಹುಡುಗಿ ನಾಚಿಕೊಂಡು ಬಾಯಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದರೆ ವಾಂತಿ, ಮಧ್ಯಾಹ್ನವಾದರೆ ತಲೆ ತಿರುಗಿ ಗೋಡೆ ಹಿಡಿಯುತ್ತಾಳೆ. ಊರಿನವರೆಲ್ಲ ಸಿಹಿ ಬಾವಿಯ ನೀರು ಕುಡಿದರೆ ಇವಳು ದನಗಳಿಗೆ ಕುಡಿಸುವ ಸವಳು ಬಾವಿಗೆ ಹೋಗಿ ಬೊಗಸೆಯಲ್ಲಿ ಕುಡಿದು ಬರುತ್ತಾಳೆ. "ಯಾಕ್ಬೇ, ಆ ನೀರು ಬಾಯಾಗ ಹಾಕಾಕ ಆಗಂಗಿಲ್ಲ" ಎಂದರೆ "ಅತ್ತೀ, ಅದು ಭಾಳ ರುಚಿ ಐತ್ರಿ" ಅನ್ನುತ್ತಾಳೆ. ನನಗೆ ಬಸಲಿಂಗಯ್ಯ ಹೊಟ್ಟೆಯಲ್ಲಿದ್ದಾಗ ಒಲೆಯ ಮಣ್ಣಿನ ಮೇಲೆ ಆಸೆಯಾಗಿತ್ತು. ಇವಳಿಗೆ ಉಪ್ಪಿನ ಮೇಲೆ ಆಗಿದೆ, ಅಷ್ಟೆ.

ಮುಖ ಕಪ್ಪಿಟ್ಟಿದೆ. ಗಂಡೇ ಎಂದು ಕಾಳವ್ವ ಹೇಳಿದಳು. ಓಣಿಯಲ್ಲಿ ಯಾರಿಗೂ ಹೇಳಬೇಡ ಎಂದು ಅವಳಿಗೆ ತಾಕೀತು ಮಾಡಿ, ಉಳಿದವರಿಗೆಲ್ಲ ನಾನೇ ಹೇಳಿ ಬಂದೆ. ಏನು ಮಾಡಲಿ, ತಡೆಯಲಿಕ್ಕಾಗಲಿಲ್ಲ.

ಗುರುಸಿದ್ದವ್ವ


ವಿಜಾಪುರ
೭ ಫೆಬ್ರುವರಿ ೧೯೪೯

ಅಕ್ಕಾ ಗುರುಸಿದ್ದವ್ವನವರೇ,

ಬೀಗತಿ ಎಂದು ಬರೆಯಲು ಹೋದೆ, ಕೈ ಅಕ್ಕಾ ಎಂದು ಬರೆಯಿತು. ಇರಲಿ ಬಿಡಿ. ನಿಮ್ಮ ಪತ್ರವನ್ನು ಖಾನಾವಳಿಯಲ್ಲಿ ನಿಂತೇ ಓದಿದೆ. ಆವತ್ತು ಉಂಡವರಿಗೆಲ್ಲ ಹೋಳಿಗೆ ಹಾಕಿದೆ. ಯಾಕೆಂದು ಕೇಳಿದವರಿಗೆ ಹೇಳಲಿಲ್ಲ, ಆದರೆ ನನ್ನ ಮುಖ ನೋಡಿ ಎಲ್ಲರಿಗೂ ತಿಳಿದಿರಬೇಕು.

ಮೂರು ತಿಂಗಳು ತುಂಬಿದ ಕೂಡಲೇ ಕಳ್ಳಕುಬಸ ಮಾಡೋಣ. ಯಾರಿಗೂ ಗೊತ್ತಾಗದ ಹಾಗೆ ಹಸಿರು ಸೀರೆ, ಹಸಿರು ಬಳೆ ತರುತ್ತೇನೆ. ಐದನೆಯ ತಿಂಗಳಿಗೆ ಎಲ್ಲರನ್ನೂ ಕರೆದು ಉಡಿ ತುಂಬಿ ದೊಡ್ಡ ಕುಬಸ.

ಒಂದು ಮಾತು, ಅಕ್ಕಾ. ಬಯಕೆ ತೀರಿಸಬೇಕು ನಿಜ, ಆದರೆ ಉಪ್ಪಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಲಕ್ಕವ್ವ ನನ್ನ ಹೊಟ್ಟೆಯಲ್ಲಿದ್ದಾಗ ನನ್ನ ಕಾಲುಗಳು ಬಾತು ಕುಂಬಳಕಾಯಿಯಾಗಿದ್ದವು. ಸೂಲಗಿತ್ತಿ ಉಪ್ಪು ಬಿಡಿಸಿದ ಮೇಲೆಯೇ ಇಳಿದದ್ದು. ಅವಳಿಗೆ ಪೂರ್ತಿ ಸಪ್ಪನ್ನದ ಪಥ್ಯ ಮಾಡಿ. ಅತ್ತರೂ ಕೊಡಬೇಡಿ. ನಾನು ಹಡೆದವಳು, ನಾನೇ ಹೇಳುತ್ತಿದ್ದೇನೆ.

ನಿಮ್ಮ ನೀಲಾಬಾಯಿ


ಬಬಲೇಶ್ವರ
೧೯ ಫೆಬ್ರುವರಿ ೧೯೪೯

ತಂಗಿ ನೀಲಾಬಾಯಿಗೆ,

ನೀವು ಹೇಳಿದ ಹಾಗೆಯೇ ಮಾಡಿದ್ದೇನೆ. ಹತ್ತು ದಿನದಿಂದ ಅವಳಿಗೆ ಸಪ್ಪನ್ನವೇ. ಉಪ್ಪಿನ ಗಡಿಗೆಯನ್ನು ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದೇನೆ. ಸವಳು ಬಾವಿಗೂ ಬಿಡುತ್ತಿಲ್ಲ.

ಮೊದಲೆರಡು ದಿನ "ಅತ್ತೀ, ಒಂದ ಹಳಕರ ಉಪ್ಪು ಕೊಡ್ರಿ" ಎಂದು ಹಿಂದೆ ಹಿಂದೆ ಬಂದಳು. ಈಗ ಕೇಳುವುದಿಲ್ಲ. ಮಾತೇ ಕಡಿಮೆಯಾಗಿದೆ. ನಿಲ್ಲಲು ಹೋದರೆ ಕಣ್ಣು ಕತ್ತಲೆ ಬಂದು ಕೂತುಬಿಡುತ್ತಾಳೆ. ಉಂಡದ್ದು ನಿಲ್ಲುತ್ತಿಲ್ಲ. ತೋಳಿನ ಬಳೆ ಮೊಣಕೈವರೆಗೆ ಸರಿಯುವಷ್ಟು ಸೊರಗಿದ್ದಾಳೆ. ಚೊಚ್ಚಲ ಬಸುರಿಯರಲ್ಲಿ ಕೆಲವರು ಹೀಗೆಯೇ ಇರುತ್ತಾರೆ ಎಂದು ಕಾಳವ್ವ ಹೇಳುತ್ತಾಳೆ. ನಾನೂ ಹಾಗೆಯೇ ಅಂದುಕೊಂಡಿದ್ದೇನೆ.

ಗಂಡು ಕೂಸೆಂಬುದಕ್ಕೆ ಮಾತ್ರ ಇನ್ನು ಸಂಶಯವಿಲ್ಲ. ಮುಖವಷ್ಟೇ ಅಲ್ಲ, ಅಂಗೈಯ ಗೆರೆಗಳೂ ಮಸಿಯಲ್ಲಿ ಬರೆದ ಹಾಗೆ ಕಪ್ಪಾಗಿವೆ. ಹಲ್ಲಿನ ವಸಡಿನ ಮೇಲೂ ಕಪ್ಪು ಕಲೆ. ಇಂಥದ್ದನ್ನು ನಾನು ಯಾವ ಬಸುರಿಯಲ್ಲೂ ಕಂಡಿರಲಿಲ್ಲ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಬೇಡ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಗುರುಸಿದ್ದವ್ವ


ವಿಜಾಪುರ
೨೨ ಫೆಬ್ರುವರಿ ೧೯೪೯, ಮಂಗಳವಾರ ಮಧ್ಯಾಹ್ನ

ಅಕ್ಕಾ,

ಇದನ್ನು ಟಪಾಲಿಗೆ ಹಾಕದೆ ಮೋಟಾರಿನ ಡ್ರೈವರ ಹಸನಸಾಬನ ಕೈಯಲ್ಲಿ ಕೊಟ್ಟಿದ್ದೇನೆ. ಓದುತ್ತಿದ್ದಂತೆ ಎದ್ದು ಟ್ರಂಕಿನ ಕೀಲಿ ತೆಗೆಯಿರಿ. ಲಕ್ಕವ್ವನಿಗೆ ಉಪ್ಪು ಕೊಡಿ.

ಕಾಯಿಸಿ ಆರಿಸಿದ ಒಂದು ತಂಬಿಗೆ ನೀರಿಗೆ ಒಂದು ಚಮಚ ಉಪ್ಪು, ಚೂರು ಬೆಲ್ಲ. ಒಮ್ಮೆಲೇ ಕುಡಿಸಬೇಡಿ, ಚಮಚದಿಂದ ಸ್ವಲ್ಪ ಸ್ವಲ್ಪ. ವಾಂತಿಯಾದರೆ ತುಸು ತಡೆದು ಮತ್ತೆ ಕೊಡಿ. ನಿಲ್ಲಿಸಬೇಡಿ.

ಊಟಕ್ಕೆ ಬಂದ ಸೈಫುದ್ದೀನ ಡಾಕ್ಟರಿಗೆ ನಿಮ್ಮ ಪತ್ರವನ್ನು ಹೆಮ್ಮೆಯಿಂದ ಓದಿ ಹೇಳುತ್ತಿದ್ದೆ, ಮೊಮ್ಮಗ ಬರುತ್ತಾನೆಂದು. ಅಂಗೈ ಗೆರೆಯ ಮಾತು ಬಂದಾಗ ಅವರು ರೊಟ್ಟಿ ಕೆಳಗಿಟ್ಟರು. "ಇನ್ನೊಮ್ಮೆ ಓದ್ರಿ" ಅಂದರು. ಓದಿದೆ. "ಉಪ್ಪು ಎಷ್ಟು ದಿನದಿಂದ ತಿಂತಾಳ?" ಹೇಳಿದೆ. "ಈಗ ಯಾರು ಬಂದ್ ಮಾಡ್ಯಾರ?" ಅಕ್ಕಾ, ನಾನೇ ಎಂದು ಹೇಳಬೇಕಾಯಿತು. ಅವರು ಕೈಯನ್ನೂ ತೊಳೆಯದೆ ಎದ್ದರು. "ನೀಲಾಬಾಯಿ, ಇದು ಬಯಕಿ ಅಲ್ರಿ, ಬ್ಯಾನಿ. ಆಕಿ ಉಪ್ಪಿನ ಮ್ಯಾಲ ಜೀವಾ ಹಿಡಕೊಂಡಾಳ. ಅದನ್ನ ನೀವು ಕಸ್ಕೊಂಡೀರಿ" ಅಂದರು.

ನಾನೇ ಈ ಮೋಟಾರಿಗೆ ಬರುತ್ತಿದ್ದೆ. ಡಾಕ್ಟರು ಬೇಡವೆಂದರು. ನಾನು ಇಲ್ಲಿ ನಿಂತು ಹಾಸಿಗೆ, ಔಷಧಿ ಗೊತ್ತು ಮಾಡಿಸಬೇಕಂತೆ. ಬಸಲಿಂಗಯ್ಯ ನಾಳೆ ಬೆಳಗಿನ ಮೋಟಾರಿಗೇ ಅವಳನ್ನು ಮಲಗಿಸಿಕೊಂಡು ಬರಲಿ. ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನೀಲಾಬಾಯಿ


ಬಬಲೇಶ್ವರ
೨೩ ಫೆಬ್ರುವರಿ, ಬೆಳಿಗ್ಗೆ

ನೀಲಾಬಾಯಿ,

ದೀಪ ಹಚ್ಚುವ ಹೊತ್ತಿಗೆ ಪತ್ರ ಮುಟ್ಟಿತು. ಆಗ ಲಕ್ಕವ್ವನಿಗೆ ಎಚ್ಚರವಿರಲಿಲ್ಲ. ತುಟಿಗೆ ಉಪ್ಪುನೀರು ಹಚ್ಚಿದೆ, ನೆಕ್ಕಿದಳು. ಎರಡು ಸಲ ಹೊರಗೆ ಬಂತು, ಮೂರನೆಯ ಸಲ ನಿಂತಿತು. ಬೆಳಕು ಹರಿಯುವಾಗ ಕಣ್ಣು ಬಿಟ್ಟು "ಇನ್ನಷ್ಟ ಕೊಡ್ರಿ" ಅಂದಳು. ಮಗನ ಜೊತೆ ಕಳಿಸುತ್ತಿದ್ದೇನೆ. ದನ ಬಿಟ್ಟು ನಾನು ಬರುವಂತಿಲ್ಲ. ಹೇಗಿದ್ದಾಳೆಂದು ಬರೆಯಿರಿ.

ಗುರುಸಿದ್ದವ್ವ


ವಿಜಾಪುರ
೮ ಮಾರ್ಚ್ ೧೯೪೯

ಗುರುಸಿದ್ದವ್ವಕ್ಕನವರಿಗೆ ಶರಣು.

ಲಕ್ಕವ್ವ ಬದುಕಿದಳು. ಇದನ್ನೇ ಮೊದಲು ಬರೆಯಬೇಕೆಂದು ಹಟ ಹಿಡಿದು ಬರೆದಿದ್ದೇನೆ. ಉಳಿದದ್ದೆಲ್ಲ ಇದರ ಹಿಂದೆ ಬರಲಿ.

ಮೋಟಾರಿನಿಂದ ಇಳಿಸಿದಾಗ ನಾಡಿ ಸಿಗುತ್ತಿರಲಿಲ್ಲ. ಮೂರು ದಿನ ತೋಳಿನ ರಕ್ತನಾಳಕ್ಕೆ ಸೂಜಿ ಹಾಕಿ ಬಾಟಲಿಯಿಂದ ಉಪ್ಪುನೀರನ್ನೇ ಬಿಟ್ಟರು. ನಾಲ್ಕನೆಯ ದಿನ ದಿಂಬಿಗೆ ಒರಗಿ ಕೂತಳು. ರಾತ್ರಿ ನೀವು ಕುಡಿಸಿದ ನೀರು ಇಲ್ಲದಿದ್ದರೆ ಸ್ಟ್ಯಾಂಡಿನವರೆಗೂ ಬರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಏನಾಗಿದೆ ಎಂದು ನನಗೆ ತಿಳಿದಷ್ಟು ಬರೆಯುತ್ತೇನೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆಯಂತೆ. ಅವು ಒಸರುವ ರಸ ನಮ್ಮ ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ. ಲಕ್ಕವ್ವನ ಗ್ರಂಥಿಗಳು ಸೊರಗಿವೆ. ಅವಳು ತಿಂದ ಉಪ್ಪೆಲ್ಲ ಮೂತ್ರದಲ್ಲಿ ಹರಿದು ಹೋಗುತ್ತಿತ್ತು, ಅದರ ಜೊತೆಗೆ ನೀರೂ, ಶಕ್ತಿಯೂ. ಆ ರಸ ಕಡಿಮೆಯಾದರೆ ಚರ್ಮ ಕಪ್ಪಾಗುತ್ತದೆ, ಮುಟ್ಟೂ ನಿಲ್ಲುತ್ತದೆ. ಮೈಗೆ ಉಪ್ಪು ಬೇಕಾದಾಗ ನಾಲಿಗೆಗೆ ಅದೇ ರುಚಿಯಾಗುತ್ತದಂತೆ. "ನಾವು ಓದಿದವರು ಆಮ್ಯಾಲ ತಿಳಕೊಂಡ್ವಿ. ಆಕಿ ನಾಲಿಗಿ ಮೊದಲ ತಿಳಕೊಂಡಿತ್ತು. ಅದು ಚಟಾ ಅಲ್ಲ, ಔಷಧಾ ಹುಡುಕಾಕತ್ತಿತ್ತು" ಅಂದರು ಡಾಕ್ಟರು.

ಹೊಟ್ಟೆಯಲ್ಲಿ ಕೂಸಿಲ್ಲ, ಅಕ್ಕಾ. ಇರಲೇ ಇಲ್ಲ.

ಈಗ ನನ್ನ ತಪ್ಪು. ಉಪ್ಪು ಬಿಡಿಸಲು ಹೇಳಿದವಳು ನಾನು, ಅದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಸಂಕ್ರಮಣದ ದಿನ ನಿಮಗೆ ಅಷ್ಟು ಜೋರಾಗಿ ಬರೆದೆನಲ್ಲ, ಆಗಲೂ ನನಗೆ ಗೊತ್ತಿತ್ತು. ಮದುವೆಗೆ ಮುಂಚೆ ಎರಡು ತಿಂಗಳಿಂದಲೇ ಅವಳ ಕೈಯ ಸಾರು ಉಪ್ಪಾಗುತ್ತಿತ್ತು. ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಬಾಯಿಗೆ ಉಪ್ಪಿನ ಹಳಕು ಹಾಕಿಕೊಂಡು ಚೀಪುವುದನ್ನೂ ನೋಡಿದ್ದೆ. ಲಗ್ನ ಗೊತ್ತಾಗಿತ್ತು, ಹುಡುಗಿಗೆ ಏನೋ ಇದೆ ಎಂದು ನಿಮ್ಮ ಕಿವಿಗೆ ಬಿದ್ದರೆ ಮುರಿದೀತೆಂದು ಹೆದರಿ ಸೌಟು ನಾನೇ ಹಿಡಿದೆ, ಸುಮ್ಮನಿದ್ದೆ. ನಿಮಗೆ ಮೋಸ ಮಾಡಿದೆ.

ಅವಳು ಜೀವಮಾನವೆಲ್ಲ ಔಷಧಿ ತೆಗೆದುಕೊಳ್ಳಬೇಕು. ಮಕ್ಕಳಾಗುತ್ತವೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ. ನಿಮಗಿರುವವನು ಒಬ್ಬನೇ ಮಗ. ನೀವು ಏನು ನಿರ್ಧಾರ ಮಾಡಿದರೂ ನಾನು ಬಾಯಿ ಎತ್ತುವ ಹಾಗಿಲ್ಲ. ಆದರೆ ಬೇಗ ತಿಳಿಸಿ.

ನೀಲಾಬಾಯಿ


ವಿಜಾಪುರ
೨೭ ಮಾರ್ಚ್ ೧೯೪೯

ಗುರುಸಿದ್ದವ್ವನವರಿಗೆ,

ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಬಸಲಿಂಗಯ್ಯ ಭಾನುವಾರಕ್ಕೊಮ್ಮೆ ಬರುತ್ತಾನೆ, ಹೆಂಡತಿಯ ಮಂಚದ ಹತ್ತಿರ ಸಂಜೆಯವರೆಗೆ ಕೂರುತ್ತಾನೆ. ನಿಮ್ಮ ವಿಷಯ ಕೇಳಿದರೆ "ಅವ್ವ ಆರಾಮ ಅದಾಳ್ರಿ" ಎಂದು ನೆಲ ನೋಡುತ್ತಾನೆ. ಅವನಿಗೆ ಬೇರೆ ಹೆಣ್ಣು ನೋಡುತ್ತಿದ್ದರೆ ಅದನ್ನಾದರೂ ನೇರವಾಗಿ ಬರೆಯಿರಿ. ಲಕ್ಕವ್ವ ದಿನಾ ಟಪಾಲಿನವನ ದಾರಿ ನೋಡುತ್ತಾಳೆ. ನಾನು ಅವಳಿಗೆ ಏನೆಂದು ಹೇಳಲಿ?

ಮುಂಬಯಿಯಿಂದ ಔಷಧಿ ಬಂತು. ಆ ಗ್ರಂಥಿಯ ರಸದಂಥದ್ದನ್ನೇ ಎಣ್ಣೆಯಲ್ಲಿ ಕಲಸಿ ಮಾಡಿದ ಇಂಜೆಕ್ಷನ್. ನಿನ್ನೆಯಿಂದ ಶುರು ಮಾಡಿದ್ದಾರೆ.

ನೀಲಾಬಾಯಿ


ಬಬಲೇಶ್ವರ
೧೪ ಏಪ್ರಿಲ್ ೧೯೪೯

ತಂಗಿ ನೀಲಾಬಾಯಿಗೆ,

ಐದು ಸಲ ಬರೆಯಲು ಕೂತು ಐದು ಸಲ ಹರಿದೆ. ಬೇರೆ ಹೆಣ್ಣು ಎಂಬ ಮಾತು ನಿಮ್ಮ ತಲೆಗೆ ಎಲ್ಲಿಂದ ಬಂತು? ಓದಿ ಸಿಟ್ಟು ಬಂತು, ಆಮೇಲೆ ಅಳು ಬಂತು. ಲಕ್ಕವ್ವ ಬದುಕಿದಳು ಎಂಬ ನಿಮ್ಮ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ಓದಿದಾಗ ಉಸಿರು ಬಿಟ್ಟು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ.

ನೀವು ನನ್ನ ನಿರ್ಧಾರ ಕೇಳಿದಿರಿ. ನಾನು ಇಲ್ಲಿ ನಿಮ್ಮ ನಿರ್ಧಾರಕ್ಕೆ ಹೆದರಿ ಕೂತಿದ್ದೆ. ಎದುರಿಗೆ ಸಿಕ್ಕಾಗ ಹೇಳುತ್ತೇನೆ ಎಂದು ಒಮ್ಮೆ ಬರೆದಿದ್ದೆನಲ್ಲ, ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಬರೆದೇ ಹೇಳುತ್ತೇನೆ.

ಉಪ್ಪಿಗೆ ಕೀಲಿ ಹಾಕಿದ ಆರನೆಯ ದಿನ ದನದ ಕೊಟ್ಟಿಗೆಗೆ ಹೋದೆ. ಎತ್ತಿಗೆ ಹೊಟ್ಟಿನಲ್ಲಿ ಕಲ್ಲುಪ್ಪು ಕಲಸಿ ಇಟ್ಟಿದ್ದೆವು. ಲಕ್ಕವ್ವ ಗೋದಲಿಯ ಮುಂದೆ ಮೊಣಕಾಲೂರಿ, ಹೊಟ್ಟು ಸರಿಸಿ, ಉಪ್ಪಿನ ಹಳಕುಗಳನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎತ್ತು ಪಕ್ಕಕ್ಕೆ ಸರಿದು ನಿಂತಿತ್ತು. ಮೂಕಪ್ರಾಣಿ ಅವಳಿಗೆ ಜಾಗ ಬಿಟ್ಟಿತ್ತು, ನಾನು ಬಿಡಲಿಲ್ಲ. ಕೈ ಹಿಡಿದು, ಮುಷ್ಟಿ ಬಿಡಿಸಿ, ಉಪ್ಪು ಕಸಿದುಕೊಂಡೆ. "ನಾಚಿಕಿ ಬರಂಗಿಲ್ಲೇನ ನಿನಗ?" ಎಂದೆ. ಅವಳು ಒಣಗಿದ ತುಟಿ ನೆಕ್ಕಿಕೊಂಡು ಒಳಗೆ ಹೋದಳು.

ನೀವು ಉಪ್ಪು ಬಿಡಿಸಿ ಎಂದದ್ದು ದೂರದಿಂದ, ಕಾಣದೆ. ನಾನು ಕಣ್ಣಾರೆ ಕಂಡು ಕಸಿದುಕೊಂಡೆ. ಇಂಥವಳ ಮನೆಗೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ ಎಂದು ಯೋಚಿಸಿಯೇ ಉತ್ತರ ಬರೆಯಲಿಲ್ಲ. ಇದು ಮಗನಿಗೂ ಗೊತ್ತಿಲ್ಲ.

ನೀವು ಮುಚ್ಚಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಹೆಣ್ಣು ಹೆತ್ತವರು ಮುಚ್ಚಿಡುವುದನ್ನು ಕಲಿತದ್ದೇ ನಮ್ಮಂಥ ಗಂಡಿನ ಕಡೆಯವರಿಂದ.

ಓಣಿಗೆಲ್ಲ ನಾನೇ ಸಾರಿದ್ದೆನಲ್ಲ, ನಾನೇ ಹಿಂದಕ್ಕೆ ತೆಗೆದುಕೊಂಡೆ. ಬಾವಿಕಟ್ಟೆಯಲ್ಲಿ ಹತ್ತು ಹೆಂಗಸರ ಮುಂದೆ ನಿಂತು "ಹೊಟ್ಟ್ಯಾಗ ಕೂಸಿಲ್ರವ್ವಾ. ನನ್ನ ಸೊಸಿ ಜೀವಂತ ಅದಾಳ. ನನಗ ಅಷ್ಟ ಸಾಕು" ಎಂದೆ. ಕಾಳವ್ವ ನನ್ನ ಮುಖ ನೋಡಿ ಕೊಡ ಎತ್ತಿಕೊಂಡು ಹೋದಳು.

ಲಕ್ಕವ್ವನಿಗೆ ಈ ಪತ್ರ ಓದಿ ಹೇಳಿ. ಪೂರ್ತಿ ಓದಿ. ಆಮೇಲೆ ಬರುವುದೂ ಬಿಡುವುದೂ ಅವಳ ಇಚ್ಛೆ.

ಗುರುಸಿದ್ದವ್ವ


ವಿಜಾಪುರ
೨೧ ಏಪ್ರಿಲ್ ೧೯೪೯

ಅಕ್ಕಾ,

ನೀವು ಹೇಳಿದಂತೆ ಪತ್ರ ಓದಿ ಹೇಳಲು ಕೂತೆ. ಕೊಟ್ಟಿಗೆಯ ಸಾಲುಗಳು ಬಂದಾಗ ಓದುವುದನ್ನು ನಿಲ್ಲಿಸಿದೆ. ಆಗ ಲಕ್ಕವ್ವ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿಕೊಂಡಳು. ಬಾವಿಕಟ್ಟೆಯ ಮಾತು ಬಂದಾಗ ಮುಖಕ್ಕೆ ಸೆರಗು ಹಿಡಿದಳು. ಅಳುತ್ತಿದ್ದಾಳೆಂದು ನೋಡಿದರೆ ನಗುತ್ತಿದ್ದಳು. "ಅತ್ತಿ ಹತ್ತು ಮಂದಿ ಮುಂದ ಅಂದ್ರಂತ!" ಎಂದು ಮತ್ತೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತು.

ಇಂಜೆಕ್ಷನ್ ಹಿಡಿದಿದೆ. ನಾಡಿ ಸರಿಯಾಗಿದೆ, ಕೆನ್ನೆ ತುಂಬುತ್ತಿದೆ. ಮೊನ್ನೆ ಬೆಳಿಗ್ಗೆ ಎಂದಿನಂತೆ ಉಪ್ಪುನೀರು ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಥೂ ಯವ್ವಾ, ಎಷ್ಟ ಉಪ್ಪು ಹಾಕೀ ಬೇ?" ಅಂದಳು. ನಾನು ಹಾಕಿದ್ದು ಎರಡು ತಿಂಗಳಿಂದ ಹಾಕುತ್ತಿರುವಷ್ಟೇ. ಓಡಿಹೋಗಿ ಡಾಕ್ಟರಿಗೆ ಹೇಳಿದೆ, ಅದೂ ಗಾಬರಿಯಿಂದ. ಅವರು ಕುರ್ಚಿಯಿಂದ ಎದ್ದು ನಿಂತು ನಕ್ಕರು. "ಇದೊಂದ ಮಾತಿಗೆ ಕಾಯಾಕತ್ತಿದ್ನಿ, ನೀಲಾಬಾಯಿ. ಮೈಯಾಗ ಉಪ್ಪು ನಿಂತೇತಿ, ಅದಕ್ಕ ನಾಲಿಗಿ ಸಾಕು ಅನ್ನಾಕತ್ತೇತಿ" ಅಂದರು. ಅಲ್ಲಿಂದ ಮನೆಗೆ ದಾರಿಯುದ್ದಕ್ಕೂ ಅಳುತ್ತಲೇ ಬಂದೆ, ನಾಚಿಕೆ ಬಿಟ್ಟು.

ಇಂಜೆಕ್ಷನ್ ಕೊಡುವುದನ್ನು ಬಸಲಿಂಗಯ್ಯ ಕಲಿತಿದ್ದಾನೆ. ಮೊದಲು ದಿಂಬಿಗೆ ಚುಚ್ಚಿ, ಆಮೇಲೆ ತನಗೇ ಚುಚ್ಚಿಕೊಂಡು ನೋಡಿದನಂತೆ. ಔಷಧಿ ತಪ್ಪಬಾರದು, ಜ್ವರ ಬಂದರೆ ಕೂಡಲೇ ಇಲ್ಲಿಗೆ ಕರೆತರಬೇಕು. ಇವೆರಡನ್ನು ಮರೆಯಬೇಡಿ.

ಕೊನೆಯ ನಾಲ್ಕು ಸಾಲುಗಳ ಜಾಗವನ್ನು ಲಕ್ಕವ್ವ ಕೇಳಿದ್ದಾಳೆ. ನನಗೆ ತೋರಿಸುವುದಿಲ್ಲವಂತೆ. ತಾನೇ ಅಂಟಿಸಿ ಟಪಾಲಿಗೆ ಹಾಕುತ್ತಾಳಂತೆ.

ನಿಮ್ಮ ತಂಗಿ
ನೀಲಾಬಾಯಿ


ಅತ್ತಿ ಅವರಿಗೆ ಲಕ್ಕವ್ವ ಮಾಡುವ ಶರಣಾರ್ಥಿ. ಅವತ್ತು ಕೊಟ್ಟಿಗೆಯಲ್ಲಿ ನೀವು ನನ್ನ ಮುಷ್ಟಿ ಬಿಡಿಸಿ ಉಪ್ಪು ತೆಗೆದುಕೊಂಡಿರಿ. ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದೆ, ನೀವು ಎತ್ತಿನ ಕೊರಳಿಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದಿರಿ. ಆದ್ದರಿಂದ ನನಗೆ ನಿಮ್ಮ ಮೇಲೆ ಅವತ್ತೂ ಸಿಟ್ಟಿರಲಿಲ್ಲ. ಸೋಮವಾರದ ಮೋಟಾರಿಗೆ ಬರುತ್ತೇನೆ, ರೊಟ್ಟಿ ನಾನು ಬಡಿಯುತ್ತೇನೆ, ನೀವು ಕೂತಿರಿ.